ಡೀಸೆಲ್ ಮುಳ್ಳು ಸುಳ್ಳು ಹೇಳಿದರೆ: ಹಳೇ ಪಿಕಪ್‌ನ ಮೀಟರ್ ನಾನು ಸರಿಮಾಡಿದ ಬಗೆ

ಮಾಕುಟ್ಟ ಘಾಟಿಯ ಏರಿನಲ್ಲಿ ನನ್ನ ಪಿಕಪ್ ಕೆಮ್ಮಿ ಕೆಮ್ಮಿ ನಿಂತಾಗ ಸಂಜೆ ಆರೂಕಾಲು. ಮೀಟರಿನ ಮುಳ್ಳು ಮಾತ್ರ ಇನ್ನೂ ಕಾಲು ಟ್ಯಾಂಕ್ ಡೀಸೆಲ್ ಇದೆ ಅನ್ನುತ್ತಿತ್ತು. ಜನವರಿ ತಿಂಗಳು. ಕೇರಳದ ಇರಿಟ್ಟಿಯಲ್ಲಿ ನೇಂದ್ರ ಬಾಳೆಗೊನೆ ಇಳಿಸಿ ಕೊಡಗಿನ ಅಮ್ಮತ್ತಿಗೆ ವಾಪಸ್ ಬರುತ್ತಿದ್ದೆ. ಎರಡೂ ಕಡೆ ಕಾಡು, ಫೋನಿಗೆ ಸಿಗ್ನಲ್ ಇಲ್ಲ, ರಸ್ತೆ ಬದಿಯಲ್ಲಿ ಆನೆ ಲದ್ದಿ ಇನ್ನೂ ಹಸಿಯಾಗಿತ್ತು. ಅರ್ಧ ಗಂಟೆ ಆದ ಮೇಲೆ ಒಬ್ಬ ಲಾರಿ ಡ್ರೈವರ್ ನಿಲ್ಲಿಸಿದ. ತನ್ನ ಟ್ಯಾಂಕಿನಿಂದ ಪೈಪ್ ಹಾಕಿ ಐದು ಲೀಟರ್ ಎಳೆದು ಕೊಟ್ಟ, ಏರ್ ತೆಗೆದು ಸ್ಟಾರ್ಟ್ ಮಾಡಿಯೂ ಕೊಟ್ಟ. "ಈ ಮೀಟರ್ ನಂಬ್ಕೊಂಡು ಘಾಟಿ ಇಳಿದ್ರಾ ಅಕ್ಕಾ?" ಅಂದ. ಡೀಸೆಲ್‌ಗೆ ದುಡ್ಡು ತಗೊಂಡ, ಬೈಗುಳಕ್ಕೆ ತಗೊಳ್ಳಲಿಲ್ಲ.

ಗಾಡಿ ಅಪ್ಪನದು, 2003ರ ಮಾಡೆಲ್. ಏಳು ಎಕರೆ ತೋಟದ ಜೊತೆ ಅದೂ ನನ್ನ ಪಾಲಿಗೆ ಬಂತು. ಮರುದಿನ ಫೋನ್ ಮಾಡಿದವರೆಲ್ಲ ಒಂದೇ ಮಾತು ಹೇಳಿದರು: "ಹೊಸ ಮೀಟರ್ ಹಾಕಿಸಿ." ನಾನು ಹಾಕಿಸಲಿಲ್ಲ. ಹಾಕಿಸಿದ್ದರೆ ಹೊಸ ಮುಳ್ಳೂ ಅದೇ ಕಾಲು ಟ್ಯಾಂಕ್ ತೋರಿಸುತ್ತಿತ್ತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಇದು ಹೇಗೆ ಕೆಲಸ ಮಾಡುತ್ತದೆ ನೋಡಿ. ಮನೆ ಮೇಲಿನ ನೀರಿನ ಟ್ಯಾಂಕಿನಲ್ಲಿ ಬಾಲ್ ತೇಲುತ್ತದಲ್ವಾ, ಡೀಸೆಲ್ ಟ್ಯಾಂಕಿನಲ್ಲೂ ಅಂಥದ್ದೇ ಒಂದು ಫ್ಲೋಟ್ ಇದೆ. ಅದು ಒಂದು ಕಂಬಿಯ ತುದಿಯಲ್ಲಿರುತ್ತದೆ. ಕಂಬಿಯ ಇನ್ನೊಂದು ತುದಿ, ಸಣ್ಣ ತಂತಿ ಸುತ್ತಿದ ಪಟ್ಟಿಯ ಮೇಲೆ ಉಜ್ಜಿಕೊಂಡು ಓಡಾಡುತ್ತದೆ. ಡೀಸೆಲ್ ಏರಿಳಿದ ಹಾಗೆ ಕರೆಂಟಿಗೆ ಸಿಗುವ ತಡೆ, ಅಂದರೆ ಓಮ್, ಹೆಚ್ಚು ಕಡಿಮೆ ಆಗುತ್ತದೆ. ಈ ಇಡೀ ಸೆಟ್ಟಿಗೆ ಅಂಗಡಿಯಲ್ಲಿ ಟ್ಯಾಂಕ್ ಯೂನಿಟ್ ಅನ್ನುತ್ತಾರೆ. ಅಲ್ಲಿಂದ ಒಂದು ವಯರ್ ಡ್ಯಾಶ್‌ಬೋರ್ಡಿನ ಮೀಟರಿಗೆ ಹೋಗುತ್ತದೆ. ಇನ್ನೊಂದು ಕಡೆ ಚಾಸಿಗೆ, ಅಂದರೆ ಗಾಡಿಯ ಕಬ್ಬಿಣದ ಚೌಕಟ್ಟಿಗೆ, ಸೇರಿ ಅರ್ತ್ ಆಗುತ್ತದೆ. ಅಷ್ಟೇ. ಮೀಟರ್, ವಯರ್, ಟ್ಯಾಂಕ್ ಯೂನಿಟ್, ಅರ್ತ್ ಈ ನಾಲ್ಕರಲ್ಲಿ ಯಾವುದು ಕೆಟ್ಟರೂ ಬೈಗುಳ ತಿನ್ನುವುದು ಕಣ್ಣಿಗೆ ಕಾಣುವ ಮುಳ್ಳು.

ಕೆಲಸ ಶುರು ಮಾಡುವ ಮೊದಲು ಒಂದು ವಾರ ಮುಳ್ಳಿನ ನಡತೆ ಗಮನಿಸಿ. ಡೀಸೆಲ್ ಮುಳ್ಳಿನ ಜೊತೆ ಟೆಂಪರೇಚರ್ ಮುಳ್ಳೂ ಸತ್ತಿದ್ದರೆ ಫ್ಯೂಸ್ ನೋಡಿ, ಅದು ಐದು ನಿಮಿಷದ ಕೆಲಸ. ಎರಡೂ ಒಟ್ಟಿಗೆ ಜಾಸ್ತಿ ಅಥವಾ ಒಟ್ಟಿಗೆ ಕಡಿಮೆ ತೋರಿಸುತ್ತಿದ್ದರೆ, ಹಳೇ ಗಾಡಿಗಳಲ್ಲಿ ಮೀಟರ್ ಹಿಂದೆ ಇರುವ ಸಣ್ಣ ವೋಲ್ಟೇಜ್ ಸ್ಟೆಬಿಲೈಸರ್ ಮೇಲೆ ಸಂಶಯ ಪಡಬೇಕು. ಮುಳ್ಳು ಹೊಂಡ ಹತ್ತಿದಾಗಲೆಲ್ಲ ಕುಣಿದರೆ ಎಲ್ಲೋ ವಯರ್ ಸಡಿಲ, ಇಲ್ಲವೇ ಟ್ಯಾಂಕ್ ಯೂನಿಟ್ಟಿನ ತಂತಿ ಸವೆದಿದೆ. ನನ್ನದು ಕುಣಿಯುತ್ತಿರಲಿಲ್ಲ. ನಿಧಾನವಾಗಿ, ಸಭ್ಯವಾಗಿ ಇಳಿದು ಕಾಲಿಗೆ ಬಂದು ಕೂತುಬಿಡುತ್ತಿತ್ತು.

ಇಲ್ಲಿ ನಮ್ಮ ಕಡೆಯವರಿಗೆ ಒಂದು ಮಾತು. ಕೊಡಗಿನಲ್ಲಿ ಸಮತಟ್ಟು ಜಾಗ ಹುಡುಕುವುದೇ ಕಷ್ಟ. ಅಂಗಳವೂ ಓರೆ, ತೋಟದ ದಾರಿಯೂ ಓರೆ. ಏರಿನಲ್ಲಿ ಡೀಸೆಲ್ ಹಿಂದಕ್ಕೆ ಸರಿಯುತ್ತದೆ, ಇಳಿಜಾರಿನಲ್ಲಿ ಮುಂದಕ್ಕೆ. ಫ್ಲೋಟ್ ಯಾವ ಕಡೆ ಇದೆಯೋ ಅದಕ್ಕೆ ತಕ್ಕಂತೆ ಮುಳ್ಳೂ ಏರಿಳಿಯುತ್ತದೆ. ಅದು ರಿಪೇರಿಯ ವಿಷಯ ಅಲ್ಲ. ಹಾಗಾಗಿ ಏನೇ ನೋಡಿದರೂ ಸಮತಟ್ಟು ನೆಲದಲ್ಲಿ ನೋಡಿ. ನಾನು ಗಾಡಿಯನ್ನು ಕಾಫಿ ಕಣಕ್ಕೆ ಹತ್ತಿಸಿದೆ. ಕುಯ್ಲು ಮುಗಿದು ಕಣ ಖಾಲಿಯಾಗುವವರೆಗೆ ಕಾದೆ. ಕಾಫಿ ಹರಡಿದ ಸಿಮೆಂಟಿನ ಪಕ್ಕ ಡೀಸೆಲ್ ಚೆಲ್ಲಿದರೆ ಚಿಕ್ಕಪ್ಪ ನನ್ನನ್ನು ಮನೆಯೊಳಗೆ ಸೇರಿಸುತ್ತಿರಲಿಲ್ಲ.

ಈಗ ವಯರ್ ಪರೀಕ್ಷೆ. ಇದನ್ನು ನನಗೆ ಹೇಳಿಕೊಟ್ಟವರು ಗೋಣಿಕೊಪ್ಪದ ಗ್ಯಾರೇಜಿನ ಮೆಕ್ಯಾನಿಕ್ ಇಕ್ಕ. "ಅಕ್ಕಾ, ಮೊದಲು ಟ್ಯಾಂಕ್ ಇಳಿಸ್ಬೇಡಿ. ವಯರ್ ಕಿತ್ತು ಮುಳ್ಳು ಕೇಳಿ" ಅಂದರು. ಟ್ಯಾಂಕ್ ಯೂನಿಟ್ಟಿನ ಮೇಲಿರುವ ವಯರ್ ಬಿಚ್ಚಿ. ಕೆಲವು ಗಾಡಿಗಳಲ್ಲಿ ಡೀಸೆಲ್ ಕಮ್ಮಿಯಾದಾಗ ಹತ್ತುವ ಕೆಂಪು ಲೈಟಿಗೆ ಬೇರೆ ವಯರ್ ಇರುತ್ತದೆ, ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ, ಬಿಚ್ಚುವ ಮೊದಲು ಫೋಟೋ ತೆಗೆದಿಡಿ. ಕೀ ಆನ್ ಮಾಡಿ. ಮುಳ್ಳು ಒಂದು ತುದಿಗೆ ಹೋಗಬೇಕು. ನನ್ನ ಗಾಡಿಯಲ್ಲಿ 'ಇ' (ಖಾಲಿ) ಕಡೆ ಬಿತ್ತು. ಆಮೇಲೆ ಆ ವಯರನ್ನು ಚಾಸಿಗೆ ಮುಟ್ಟಿಸಿದರೆ ಮುಳ್ಳು ಇನ್ನೊಂದು ತುದಿಗೆ, 'ಎಫ್' (ಫುಲ್) ಕಡೆ ಏರಬೇಕು. ಕೆಲವು ಗಾಡಿಗಳಲ್ಲಿ ಇದು ತಿರುಗುಮುರುಗು ಇರುತ್ತದೆ, ಪರವಾಗಿಲ್ಲ. ಎರಡು ತುದಿಯನ್ನೂ ಮುಟ್ಟಬೇಕು ಅನ್ನುವುದು ಮುಖ್ಯ.

ಮುಟ್ಟಿಸುವಾಗ ನೇರ ಮುಟ್ಟಿಸಬೇಡಿ. ಒಂದು ಸಣ್ಣ ಪಾರ್ಕಿಂಗ್ ಬಲ್ಬಿಗೆ ಎರಡು ವಯರ್ ಕಟ್ಟಿಕೊಂಡು ಅದರ ಮೂಲಕ ಮುಟ್ಟಿಸಿ. ಹಳೇ ಮೀಟರಿನ ಒಳಗೆ ಬಿಸಿಯಾಗಿ ಬಾಗುವ ಪಟ್ಟಿ ಇರುತ್ತದೆ. ಜಾಸ್ತಿ ಕರೆಂಟ್ ಹೋದರೆ ಚೆನ್ನಾಗಿದ್ದ ಮೀಟರನ್ನೂ ನಾವೇ ಸುಟ್ಟ ಹಾಗಾಗುತ್ತದೆ. ಅಂಥ ಮುಳ್ಳು ನಿಧಾನಕ್ಕೆ ಏಳುತ್ತದೆ, ಒಂದು ನಿಮಿಷ ಕಾಯಿರಿ. 'ಎಫ್' ಹತ್ತಿರ ಬಂದ ಕೂಡಲೇ ತೆಗೆದುಬಿಡಿ. ಇದನ್ನೆಲ್ಲ ಟ್ಯಾಂಕ್ ಮುಚ್ಚಿರುವಾಗಲೇ ಮಾಡಬೇಕು. ಟ್ಯಾಂಕ್ ತೆರೆದಿಟ್ಟು ಪಕ್ಕದಲ್ಲಿ ಕಿಡಿ ಹಾರಿಸುವ ಕೆಲಸ ಯಾವತ್ತೂ ಬೇಡ. ಡೀಸೆಲ್ ಪೆಟ್ರೋಲ್ ತರ ಅಲ್ಲ ಅಂತ ಬೀಡಿ ಹಚ್ಚಿಕೊಂಡು ಕೂರುವವರನ್ನು ನೋಡಿದ್ದೇನೆ. ನನ್ನ ಕಣದಲ್ಲಿ ಅಂಥವರಿಗೆ ಜಾಗ ಇಲ್ಲ.

ಮುಳ್ಳು ಎರಡೂ ತುದಿಗೆ ಹೋಯಿತಾ? ಹಾಗಾದರೆ ಮೀಟರೂ ವಯರೂ ಸರಿ ಇವೆ, ದುಡ್ಡು ಉಳಿಯಿತು. ಅಲ್ಲಾಡಲೇ ಇಲ್ಲ ಅಂದರೆ ಇದೇ ಪರೀಕ್ಷೆಯನ್ನು ಮೀಟರ್ ಹಿಂದಿನ ತುದಿಯಲ್ಲಿ ಮಾಡಿ. ಅಲ್ಲಿ ಸರಿಯಾಗಿ ಓಡಿದರೆ ಮಧ್ಯದಲ್ಲಿ ವಯರ್ ತುಂಡಾಗಿದೆ. ತೋಟದ ಶೆಡ್ಡಿನಲ್ಲಿ ನಿಲ್ಲುವ ಗಾಡಿಗೆ ಇಲಿ ಕಾಟ ತಪ್ಪಿದ್ದಲ್ಲ, ಮೊದಲು ಕ್ಯಾಬಿನ್ ಕೆಳಗೆ ಹುಡುಕಿ.

ಮುಂದಿನದು ಅರ್ತ್. ಕೊಡಗಿನ ಮಳೆಯಲ್ಲಿ ಮೊದಲು ಸಾಯುವುದು ಇದೇ. ಟ್ಯಾಂಕ್ ರಬ್ಬರ್ ಪಟ್ಟಿಯ ಮೇಲೆ ಕೂತಿರುತ್ತದೆ, ಹಾಗಾಗಿ ಅದಕ್ಕೆ ಬೇರೆಯೇ ಅರ್ತ್ ವಯರ್ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಕೆಸರಲ್ಲೇ ಇರುತ್ತದೆ. ಪರೀಕ್ಷೆ ಸುಲಭ. ಬಿಚ್ಚಿದ ವಯರ್ ಮತ್ತೆ ಹಾಕಿ, ಒಂದು ಉದ್ದ ವಯರ್ ತಗೊಂಡು ಬ್ಯಾಟರಿಯ ನೆಗೆಟಿವ್‌ನಿಂದ ಟ್ಯಾಂಕ್ ಯೂನಿಟ್ಟಿನ ತಟ್ಟೆಗೆ (ಟ್ಯಾಂಕಿನ ಮೇಲೆ ಸ್ಕ್ರೂ ಹಾಕಿ ಕೂರಿಸಿದ ಲೋಹದ ಮುಚ್ಚಳ) ಸೇರಿಸಿ ಮುಳ್ಳು ನೋಡಿ. ಮುಳ್ಳು ಜಾಗ ಬದಲಿಸಿದರೆ ಅರ್ತ್ ಕೆಟ್ಟಿದೆ ಅಂತ ಅರ್ಥ. ಕೆಟ್ಟ ಅರ್ತ್ ತನ್ನದೂ ಒಂದಿಷ್ಟು ಓಮ್ ಸೇರಿಸುತ್ತದೆ. ನನ್ನಂಥ ಗಾಡಿಯಲ್ಲಿ ಓಮ್ ಜಾಸ್ತಿ ಆದಷ್ಟೂ ಡೀಸೆಲ್ ಕಡಿಮೆ ಇದೆ ಅಂತ ತೋರಿಸುತ್ತದೆ.

ನನ್ನದರಲ್ಲಿ ಮುಳ್ಳು ಕೂದಲೆಳೆಯಷ್ಟೂ ಕದಲಲಿಲ್ಲ. ತಲೆ ಬಗ್ಗಿಸಿ ಟಾರ್ಚ್ ಹಾಕಿದೆ. ತಟ್ಟೆಯ ಒಂದು ಸ್ಕ್ರೂವಿನಿಂದ ಹೊಸ ಕಪ್ಪು ವಯರ್ ಹೊರಟು ಚಾಸಿಗೆ ಬೋಲ್ಟ್ ಆಗಿತ್ತು. ಪಕ್ಕದಲ್ಲೇ ಹಳೇ ಅರ್ತ್ ವಯರಿನ ಮೋಟು ತುಂಡು ನೇತಾಡುತ್ತಿತ್ತು. ಅದರ ತುದಿಯ ಉಂಗುರ ಮುಟ್ಟಿದರೆ ಹಸಿರು ಪುಡಿಯಾಗಿ ಉದುರಿತು. ಹಿಂದಿನ ವರ್ಷ ಟೈಲ್ ಲೈಟ್ ವಯರಿಂಗ್ ಮಾಡಿದ ಯಾರೋ ಜೊತೆಗೆ ಇದನ್ನೂ ಹೊಸದು ಹಾಕಿಬಿಟ್ಟಿದ್ದರು. ಒಳ್ಳೆಯ ಕೆಲಸವೇ. ಆದರೆ ನನ್ನನ್ನು ಘಾಟಿಯಲ್ಲಿ ನಿಲ್ಲಿಸಿದ್ದು ಅದೇ ಒಳ್ಳೆಯ ಕೆಲಸ.

ಮಲ್ಟಿಮೀಟರ್ ಹಿಡಿದ ಮೇಲೆ ಗುಟ್ಟು ಗೊತ್ತಾಯಿತು. ಕೀ ಆಫ್ ಮಾಡಿ, ವಯರ್ ಬಿಚ್ಚಿ, ಟ್ಯಾಂಕ್ ಯೂನಿಟ್ಟಿನ ಟರ್ಮಿನಲ್ ಮತ್ತು ತಟ್ಟೆಯ ನಡುವೆ ಓಮ್ ಅಳೆದೆ. ಟ್ಯಾಂಕ್ ಹೆಚ್ಚುಕಡಿಮೆ ಖಾಲಿ. 68 ಓಮ್ ಬಂತು. ಬರೆದಿಟ್ಟುಕೊಂಡೆ. ಈ ಸಂಖ್ಯೆ ಒಂದೊಂದು ಗಾಡಿಗೆ ಒಂದೊಂದು ತರ, ನನ್ನ ಲೆಕ್ಕ ನಿಮ್ಮ ಗಾಡಿಗೆ ಹೊಂದಬೇಕಿಲ್ಲ. ನಿಮ್ಮದನ್ನು ನೀವೇ ಅಳೆದು ಬರೆದಿಡಿ.

ಇನ್ನು ಟ್ಯಾಂಕ್ ಯೂನಿಟ್ ಹೊರಗೆ ತೆಗೆಯುವುದು. ಬ್ಯಾಟರಿ ನೆಗೆಟಿವ್ ಬಿಚ್ಚಿ. ಟ್ಯಾಂಕಿನ ಅಡಿಯ ಡ್ರೈನ್ ನಟ್ ಸಡಿಲಿಸಿ ಉಳಿದ ಡೀಸೆಲ್ ಕ್ಯಾನಿಗೆ ಇಳಿಸಿ. ಮೊದಲು ಬರುವುದನ್ನು ಪಾರದರ್ಶಕ ಬಾಟಲಿಗೆ ಹಿಡಿಯಿರಿ. ನನ್ನದರಲ್ಲಿ ಬಾಟಲಿಯ ತಳದಲ್ಲಿ ಒಂದು ಲೋಟದಷ್ಟು ಕಂದು ನೀರು ನಿಂತಿತು, ಮೇಲೆ ಡೀಸೆಲ್. ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನೊಳಗೆ ತೇವದ ಗಾಳಿ ತಣ್ಣಗಾಗಿ ನೀರಾಗುತ್ತದೆ. ಆ ನೀರೇ ಟ್ಯಾಂಕಿಗೂ ಟ್ಯಾಂಕ್ ಯೂನಿಟ್ಟಿಗೂ ತುಕ್ಕು ಹಿಡಿಸುತ್ತದೆ. ಮಳೆಗಾಲದಲ್ಲಿ ಅಪ್ಪ ಸಂಜೆಯೇ ಟ್ಯಾಂಕ್ ತುಂಬಿಸಿ ಗಾಡಿ ನಿಲ್ಲಿಸುತ್ತಿದ್ದದ್ದು ಯಾಕೆ ಅಂತ ಆವತ್ತು ಅರ್ಥವಾಯಿತು.

ಟ್ಯಾಂಕಿನ ಮೇಲ್ಭಾಗ ಕೈಗೆ ಸಿಗುತ್ತದೆ, ಕಣ್ಣಿಗೆ ಸರಿಯಾಗಿ ಸಿಗುವುದಿಲ್ಲ. ಜಾಕ್ ಮೇಲೆ ಹಲಗೆ ಇಟ್ಟು ಟ್ಯಾಂಕಿಗೆ ಆಸರೆ ಕೊಟ್ಟು, ಟ್ಯಾಂಕ್ ಹಿಡಿದಿರುವ ಪಟ್ಟಿಯ ಬೋಲ್ಟ್ ಸಡಿಲಿಸಿ ಒಂದು ಗೇಣು ಇಳಿಸಿದೆ. ಪೈಪುಗಳು ಎಳೆದಾಡದಂತೆ ನೋಡಿಕೊಳ್ಳಿ. ಸ್ಕ್ರೂ ಮುಟ್ಟುವ ಮೊದಲು ಮೇಲಿನ ಕೆಸರೆಲ್ಲ ಬ್ರಷ್ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಇದನ್ನು ದಯವಿಟ್ಟು ಹಾರಿಸಬೇಡಿ. ಒಂದು ಚಿಟಿಕೆ ಮಣ್ಣು ಒಳಗೆ ಬಿದ್ದರೆ ನೂರಿನ್ನೂರರ ಕೆಲಸ ಡೀಸೆಲ್ ಪಂಪಿನ ಖರ್ಚಾಗುತ್ತದೆ. ನನ್ನದಕ್ಕೆ ಐದು ಸ್ಕ್ರೂ. ಅವುಗಳ ಅಂತರ ಒಂದೇ ಸಮ ಇಲ್ಲ, ಹಾಗಾಗಿ ವಾಪಸ್ ಹಾಕುವಾಗ ಒಂದೇ ರೀತಿಯಲ್ಲಿ ಕೂರುತ್ತದೆ. ನಿಮ್ಮದರಲ್ಲಿ ಹಾಗಿಲ್ಲದಿದ್ದರೆ ಪೇಂಟಿನಲ್ಲಿ ಗುರುತು ಹಾಕಿಕೊಳ್ಳಿ. ಕಂಬಿ ಉದ್ದ ಇರುತ್ತದೆ. ನೇರ ಎಳೆದರೆ ಬರುವುದಿಲ್ಲ, ಓರೆ ಮಾಡಿ ತಿರುಗಿಸುತ್ತಾ ತೆಗೆಯಬೇಕು. ತೆಗೆದ ಕೂಡಲೇ ತೂತಿಗೆ ಶುದ್ಧ ಬಟ್ಟೆ ಮುಚ್ಚಿ.

ಹೊರಗೆ ಬಂದದ್ದನ್ನು ಬೆಳಕಿನಲ್ಲಿ ಹಿಡಿದು ನೋಡಿದೆ. ಫ್ಲೋಟ್ ಕಿವಿ ಹತ್ತಿರ ಇಟ್ಟು ಅಲ್ಲಾಡಿಸಿದೆ, ಒಳಗೆ ಗುಳುಗುಳು ಸದ್ದಿಲ್ಲ. ಸದ್ದು ಬಂದರೆ ಒಳಗೆ ಡೀಸೆಲ್ ಸೇರಿದೆ, ಫ್ಲೋಟ್ ಮುಳುಗುತ್ತಿದೆ ಅಂತ ಲೆಕ್ಕ. ಹಿತ್ತಾಳೆ ಫ್ಲೋಟ್ ಆದರೆ ಬಿಸಿನೀರಿನಲ್ಲಿ ಅದುಮಿ ಹಿಡಿಯಿರಿ, ತೂತಿದ್ದ ಕಡೆ ಗುಳ್ಳೆ ಬರುತ್ತದೆ. ಪ್ಲಾಸ್ಟಿಕ್ ಆದರೆ ಅಂಟು ಹಚ್ಚುವ ಸಾಹಸ ಬೇಡ, ಹೊಸದು ಹಾಕಿ.

ಆಮೇಲೆ ಕಂಬಿ. ಅದರ ಕುತ್ತಿಗೆಯ ಹತ್ತಿರ ಕಟಿಂಗ್ ಪ್ಲೇಯರ್‌ನ ಹಲ್ಲಿನ ಗುರುತು ಸಾಲಾಗಿ ಇತ್ತು. ಯಾರೋ ಬಗ್ಗಿಸಿದ್ದಾರೆ! ಆಗ ನೆನಪಾಯಿತು. ಅಪ್ಪನ ಕಾಲದಲ್ಲಿ ಫುಲ್ ಟ್ಯಾಂಕ್ ಮಾಡಿದರೂ ಮುಳ್ಳು ಮುಕ್ಕಾಲಿಗಿಂತ ಮೇಲೆ ಹೋಗುತ್ತಿರಲಿಲ್ಲ. ಅಪ್ಪ ಬೈದು ಬೈದು ಯಾವುದೋ ಗ್ಯಾರೇಜಿನಲ್ಲಿ ಸರಿಮಾಡಿಸಿದ್ದರು. ನಿಜವಾದ ಕಾಯಿಲೆ ಆ ಹಸಿರು ಪುಡಿಯಾದ ಅರ್ತ್. ಗ್ಯಾರೇಜಿನವರು ಅರ್ತ್ ನೋಡದೆ ಕಂಬಿ ಬಗ್ಗಿಸಿ ಮುಳ್ಳನ್ನು ಮೇಲಕ್ಕೆ ತಂದಿದ್ದರು. ಎರಡು ತಪ್ಪು ಒಂದನ್ನೊಂದು ಹೊಡೆದುಹಾಕಿ ಕೆಲವು ವರ್ಷ ಮೀಟರ್ ಸರಿಯೇ ತೋರಿಸಿರಬೇಕು. ಮುಂದೆ ಇನ್ನೊಬ್ಬರು ಅರ್ತ್ ಸರಿಮಾಡಿದರು. ಒಂದು ತಪ್ಪು ಹೋಯಿತು, ಇನ್ನೊಂದು ಉಳಿಯಿತು. ಹೊಸ ಮೀಟರ್ ಹಾಕಿಸಿದ್ದರೂ ಏನೂ ಆಗುತ್ತಿರಲಿಲ್ಲ ಅಂದದ್ದು ಇದಕ್ಕೇ.

ಇನ್ನು ತಂತಿ ಸುತ್ತಿದ ಪಟ್ಟಿ ಸವೆದಿದೆಯಾ ನೋಡಬೇಕಿತ್ತು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಹಳೇ ಮೆತ್ತನೆ ಟೂತ್‌ಬ್ರಷ್ಷಿನಲ್ಲಿ ಹಗುರಾಗಿ ಉಜ್ಜಿದೆ. ಸ್ಯಾಂಡ್ ಪೇಪರ್ ಹಾಕಬೇಡಿ, ಕೂದಲಿನಂಥ ತಂತಿ ಅದು, ಒಂದೇ ಎಳೆತಕ್ಕೆ ಹೋಗುತ್ತದೆ. ಮಲ್ಟಿಮೀಟರ್ ಕಚ್ಚಿಸಿ ಕಂಬಿಯನ್ನು ಕೆಳಗಿನಿಂದ ಮೇಲಕ್ಕೆ ನಿಧಾನಕ್ಕೆ ತಂದೆ. ಕೆಳಗೆ 98 ಓಮ್, ಮೇಲೆ 4. ನಡುವೆ ಎಲ್ಲೂ ನೆಗೆತ ಇಲ್ಲ. ನೆಗೆದರೆ ಅಥವಾ ನಡುವೆ ಕಡಿದುಹೋದರೆ ಹೊಸ ಯೂನಿಟ್ ತಗೊಳ್ಳುವುದೇ ಸರಿ. ಅಂಗಡಿಗೆ ಹಳೆಯದನ್ನೂ ಮಲ್ಟಿಮೀಟರನ್ನೂ ಹಿಡಿದುಕೊಂಡು ಹೋಗಿ. ನೋಡುವುದಕ್ಕೆ ಅಣ್ಣತಮ್ಮಂದಿರ ಹಾಗಿರುವ ಯೂನಿಟ್‌ಗಳ ಓಮ್ ಬೇರೆ ಬೇರೆ ಇರುತ್ತದೆ. ಕೆಲವದರಲ್ಲಿ ಉಲ್ಟಾ. ಕೌಂಟರಿನಲ್ಲೇ ಅಳೆದು ನೋಡಿ ದುಡ್ಡು ಕೊಡಿ.

ಹೊರಗೆ 98 ಬರುವ ಯೂನಿಟ್ ಟ್ಯಾಂಕಿನೊಳಗೆ 68ಕ್ಕೆ ನಿಂತದ್ದು ಯಾಕೆ? ಕಾಳುಮೆಣಸಿನ ಬುಟ್ಟಿಯಿಂದ ಒಂದು ಬಿದಿರಿನ ಸೀಳು ತೆಗೆದು, ಒರೆಸಿ, ತೂತಿನಿಂದ ಟ್ಯಾಂಕಿನ ತಳ ಮುಟ್ಟಿಸಿ ಅಳೆದೆ. ತಟ್ಟೆ ಕೂರುವ ಜಾಗದಿಂದ ತಳಕ್ಕೆ 24 ಸೆಂಟಿಮೀಟರ್. ಕಂಬಿಯನ್ನು ಪೂರ್ತಿ ಕೆಳಗೆ ಬಿಟ್ಟರೆ ಫ್ಲೋಟಿನ ತಳ ತಟ್ಟೆಯಿಂದ 29 ಸೆಂಟಿಮೀಟರ್! ಅಂದರೆ ಫ್ಲೋಟ್ ಟ್ಯಾಂಕಿನ ನೆಲಕ್ಕೆ ತಾಗಿ ಕೂತುಬಿಡುತ್ತಿತ್ತು, 'ಇ'ವರೆಗೆ ಇಳಿಯುವುದಕ್ಕೆ ಜಾಗವೇ ಇರಲಿಲ್ಲ.

ಬಗ್ಗಿಸುವಾಗ ಎರಡು ಪ್ಲೇಯರ್ ಬೇಕು. ಒಂದರಲ್ಲಿ ಕಂಬಿಯನ್ನು ಬುಡದ ಹತ್ತಿರ ಗಟ್ಟಿ ಹಿಡಿಯಿರಿ, ಇನ್ನೊಂದರಲ್ಲಿ ಸ್ವಲ್ಪ ಸ್ವಲ್ಪವೇ ಬಗ್ಗಿಸಿ. ಬಲ ಬುಡದ ಕೀಲಿಗೆ ಬೀಳಬಾರದು. ಪೂರ್ತಿ ಕೆಳಗೆ ಬಿಟ್ಟಾಗ ಫ್ಲೋಟಿನ ತಳ 22 ಸೆಂಟಿಮೀಟರಿಗೆ ಬರುವಂತೆ ಮಾಡಿದೆ. ನೆಲದಿಂದ ಎರಡು ಸೆಂಟಿಮೀಟರ್ ಮೇಲೆ. ಹೀಗೆ ಮಾಡಿದರೆ ಮುಳ್ಳು 'ಇ' ಮುಟ್ಟಿದಾಗಲೂ ಟ್ಯಾಂಕಿನಲ್ಲಿ ಕೆಲವು ಲೀಟರ್ ಇರುತ್ತದೆ. ಊರ ತುಂಬ ಬಂಕ್ ಇರುವವರಿಗೆ ಇಷ್ಟು ಬೇಡ. ನಮಗೆ ಬೇಕು. ಕಂಬಿ ಮೇಲೆ ಹೋಗುವಾಗ ಫ್ಲೋಟ್ ಡೀಸೆಲ್ ಎಳೆಯುವ ಪೈಪಿಗೆ ತಾಗುತ್ತದಾ ಅಂತಲೂ ನೋಡಿಕೊಳ್ಳಿ.

ವಾಪಸ್ ಹಾಕುವಾಗ ಹೊಸ ಪ್ಯಾಕಿಂಗ್ ಹಾಕಿ, ಹಳೆಯದು ಊದಿಕೊಂಡಿರುತ್ತದೆ. ಅರ್ತ್ ವಯರ್ ಕೂರುವ ಜಾಗದಲ್ಲಿ ಚಾಸಿಯ ಪೇಂಟ್ ಕೆರೆದು ಲೋಹ ಹೊಳೆಯುವಂತೆ ಮಾಡಿ, ಬೋಲ್ಟ್ ಬಿಗಿ ಮಾಡಿ, ಆಮೇಲೆ ಮೇಲಿಂದ ಧಾರಾಳವಾಗಿ ಗ್ರೀಸ್ ಬಳಿಯಿರಿ. ಟರ್ಮಿನಲ್ಲಿಗೂ ಬಳಿಯಿರಿ.

ಕೊನೆಗೆ ನನಗೆ ತುಂಬ ಇಷ್ಟವಾದ ಕೆಲಸ, ಅಳತೆ. ಖಾಲಿ ಟ್ಯಾಂಕಿಗೆ ಐದೈದು ಲೀಟರ್ ಹಾಕುತ್ತಾ, ಪ್ರತಿ ಸಲ ಕೀ ಆನ್ ಮಾಡಿ ಎರಡು ನಿಮಿಷ ಕಾದು, ಮುಳ್ಳಿನ ಜಾಗವನ್ನು ಕೂಲಿ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದೆ. ಅಳತೆಯ ಕ್ಯಾನ್ ಮೇಲೆ ಸಂಶಯ ಇದ್ದರೆ ಬಂಕಿನಲ್ಲಿ ಐದು ಲೀಟರಿನ ಮುದ್ರೆ ಹಾಕಿದ ಅಳತೆ ಪಾತ್ರೆ ಇರುತ್ತದೆ, ಗಿರಾಕಿ ಕೇಳಿದರೆ ಅದರಲ್ಲಿ ಅಳೆದು ತೋರಿಸಬೇಕು. ನನ್ನ ಪುಟದಲ್ಲಿ ಹೀಗಿದೆ: ಐದು ಲೀಟರಿಗೆ ಮುಳ್ಳು ಏಳಲೇ ಇಲ್ಲ. ಹತ್ತಕ್ಕೆ 'ಇ' ಗೆರೆಯಿಂದ ಕೂದಲಷ್ಟು ಮೇಲೆ. ಇಪ್ಪತ್ತಕ್ಕೆ ಕಾಲು ದಾಟಿತು. ಮೂವತ್ತಕ್ಕೆ ಅರ್ಧ ದಾಟಿತು. ನಲವತ್ತಕ್ಕೆ ಮುಕ್ಕಾಲು. ಐವತ್ತಕ್ಕೆ 'ಎಫ್'. ಆಮೇಲೂ ಐದು ಲೀಟರ್ ಹಿಡಿಸಿತು, ಮುಳ್ಳು ಕದಲಲಿಲ್ಲ. ಹಾಗಾಗಿ ಫುಲ್ ಮಾಡಿಸಿ ಹೊರಟರೆ ಮಡಿಕೇರಿ ಮುಟ್ಟಿದರೂ ಮುಳ್ಳು 'ಎಫ್' ಬಿಟ್ಟಿರುವುದಿಲ್ಲ. ಮೀಟರ್ ಮತ್ತೆ ಕೆಟ್ಟಿತು ಅಂತ ಗಾಬರಿಯಾಗಬೇಡಿ.

ಟ್ಯಾಂಕ್ ಖಾಲಿ ಮಾಡಿದ ಮೇಲೆ ಲೈನಿನಲ್ಲಿ ಏರ್ ಹಿಡಿದಿರುತ್ತದೆ, ಸುಮ್ನೆ ಸೆಲ್ಫ್ ಹೊಡೆದು ಬ್ಯಾಟರಿ ಇಳಿಸಬೇಡಿ. ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಹ್ಯಾಂಡ್ ಪಂಪ್ ಒತ್ತುತ್ತಾ ಹೋಗಿ. ಮೊದಲು ನೊರೆ ಬರುತ್ತದೆ. ಗುಳ್ಳೆ ಇಲ್ಲದ ಡೀಸೆಲ್ ಬಂದ ಮೇಲೆ ಪಂಪ್ ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ. ಆಮೇಲೆ ಸ್ಟಾರ್ಟ್ ಮಾಡಿ. ನನ್ನದು ಎರಡನೇ ಸಲಕ್ಕೆ ಹಿಡಿಯಿತು.

ಮೀಟರಿನ ಗಾಜಿನ ಮೇಲೆ, ಹತ್ತು ಲೀಟರ್ ಉಳಿದಾಗ ಮುಳ್ಳು ನಿಲ್ಲುವ ಜಾಗದಲ್ಲಿ, ಮಗಳ ನೈಲ್ ಪಾಲಿಶ್‌ನಿಂದ ಒಂದು ಕೆಂಪು ಚುಕ್ಕೆ ಇಟ್ಟಿದ್ದೇನೆ. ಡ್ರೈವರ್ ಸೀಟಿನಲ್ಲಿ ನೇರ ಕೂತು ಇಡಬೇಕು, ಪಕ್ಕದಿಂದ ನೋಡಿ ಇಟ್ಟರೆ ಜಾಗ ತಪ್ಪುತ್ತದೆ. ಈ ವರ್ಷ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಜಡಿಮಳೆ ಮುಗಿದ ಮೇಲೆ ಗಾಡಿ ಕೆಳಗೆ ನುಸುಳಿ ಅರ್ತ್ ಬೋಲ್ಟ್ ನೋಡಿದೆ. ಗ್ರೀಸ್ ಹಾಗೇ ಇತ್ತು, ಹಸಿರು ಹಿಡಿದಿರಲಿಲ್ಲ. ಹೊರಗೆ ಬಂದಾಗ ಕಾಲಿಗೆ ಎರಡು ಜಿಗಣೆ ಹತ್ತಿದ್ದವು. ಬಿದಿರಿನ ಸೀಳು ಇನ್ನೂ ಸೀಟಿನ ಹಿಂದೆ ಇದೆ. ಇರಿಟ್ಟಿಗೆ ಹೊರಡುವ ದಿನ ಚಿಕ್ಕಪ್ಪ ಮಾತ್ರ ಚುಕ್ಕೆ ನೋಡುವುದಿಲ್ಲ, ಗಾಡಿಗೆ ಐದು ಲೀಟರಿನ ಕ್ಯಾನ್ ಹಾಕಿದ್ದೇನಾ ಅಂತ ಕೇಳುತ್ತಾರೆ.